ನಿದ್ದೆಯಲ್ಲಿರುವ ಬೆಕ್ಕಿನ ಉಸಿರು ಎಣಿಸಿ

ಬೆಕ್ಕು ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಮೈ ಸರಿಯಿಲ್ಲದಿದ್ದರೆ ಮೂಲೆ ಸೇರಿ ಸುಮ್ಮನಾಗುತ್ತದೆ. ನಾವು ಮಲಗಿದೆ ಎಂದುಕೊಳ್ಳುತ್ತೇವೆ. ಹೃದಯ, ಶ್ವಾಸಕೋಶದ ತೊಂದರೆಗಳು ಹಲವು ಸಲ ಮೊದಲು ಕಾಣಿಸುವುದು ಉಸಿರಿನ ವೇಗದಲ್ಲಿ. ಅದನ್ನು ಗುರುತಿಸಲು ಗಡಿಯಾರವೊಂದಿದ್ದರೆ ಸಾಕು. ಆದರೆ ಬೆಕ್ಕು ಆರೋಗ್ಯವಾಗಿರುವಾಗಲೇ ಎಣಿಸಿ ಅಭ್ಯಾಸವಿರಬೇಕು.

ಮೊದಲು, ಬೆಕ್ಕು ಗಾಢ ನಿದ್ದೆಗೆ ಜಾರುವವರೆಗೆ ಕಾಯಿರಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಮೀಸೆ, ಪಂಜಗಳು ಅದುರುತ್ತಿದ್ದರೆ ಅದು ಕನಸಿನ ಹೊತ್ತು. ಆಗ ಉಸಿರು ಏರುಪೇರಾಗುವುದು ಸಹಜ, ಸ್ವಲ್ಪ ತಡೆದು ಎಣಿಸಿ. ಗುರುಗುಟ್ಟುತ್ತಿರುವಾಗ, ಆಟವಾಡಿ ಬಂದ ಕೂಡಲೇ ಎಣಿಸಿದ ಲೆಕ್ಕ ನಂಬುವಂಥದ್ದಲ್ಲ.

ನಿಮಿಷಕ್ಕೆ ಸುಮಾರು 15ರಿಂದ 30 ಬಂದರೆ ಸರಿ. ಕೆಲವು ದಿನ ಎಣಿಸಿ ಬರೆದಿಡಿ, ನಿಮ್ಮ ಬೆಕ್ಕಿನ ವಾಡಿಕೆ ತಿಳಿಯುತ್ತದೆ. ನನ್ನ ಪ್ರಕಾರ ಪುಸ್ತಕದ ಅಂಕಿಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದು: ಯಾವಾಗಲೂ 18 ಇದ್ದದ್ದು 28 ಆಗಿ ಅಲ್ಲೇ ನಿಂತರೆ, ಮಿತಿಯೊಳಗಿದೆ ಎಂದು ಸುಮ್ಮನಿರಬೇಡಿ. ನಿದ್ದೆಯಲ್ಲೂ ಪದೇ ಪದೇ 30 ದಾಟಿದರೆ ಅಂದೇ ಪಶುವೈದ್ಯರಿಗೆ ತಿಳಿಸಿ.

ಎಣಿಕೆಯ ಜೊತೆಗೆ ಉಸಿರಾಡುವ ರೀತಿಯನ್ನೂ ನೋಡಿ. ಆರೋಗ್ಯವಂತ ಬೆಕ್ಕಿನ ಉಸಿರು ಕಣ್ಣಿಗೆ ಬೀಳುವುದೇ ಕಡಿಮೆ. ಹೊಟ್ಟೆ ಎಳೆದು ಎಳೆದು ಬಿಡುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ ಅದು ಗಾಳಿಗಾಗಿ ಕಷ್ಟಪಡುತ್ತಿದೆ. ಮೊಣಕೈಗಳನ್ನು ಹೊರಚಾಚಿ, ಕುತ್ತಿಗೆ ಮುಂದೆ ನೀಡಿ ಕುಳಿತು, ಪಕ್ಕಕ್ಕೆ ಮಲಗಲು ಒಪ್ಪದಿದ್ದರೆ ಇನ್ನೂ ಗಂಭೀರ. ಎದೆಗೂಡಿನಲ್ಲಿ ನೀರು ತುಂಬಿದಾಗ ಹೀಗಾಗುವುದುಂಟು.

ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಮೈ ತಂಪು ಮಾಡಿಕೊಳ್ಳುವ ದಾರಿ. ಬೆಕ್ಕಿಗೆ ಅದು ಅಪಾಯದ ಗುರುತು. ಜೋರಾಗಿ ಆಡಿದ ಮರಿ ಅಥವಾ ವಿಪರೀತ ಹೆದರಿದ ಬೆಕ್ಕು ಒಂದೆರಡು ನಿಮಿಷ ಹೀಗೆ ಮಾಡಬಹುದು. ಕೂಡಲೇ ನಿಲ್ಲದಿದ್ದರೆ ತಡಮಾಡಬಾರದು. ಯಾವುದನ್ನೋ ಮೂಸಿ, ತುಟಿ ಮೇಲೆತ್ತಿ, ಕ್ಷಣಕಾಲ ಬಾಯಿ ಬಿಟ್ಟುಕೊಂಡು ನಿಲ್ಲುವುದು ಬೇರೆ. ವಾಸನೆಯನ್ನು ಅಂಗುಳಿನ ವಿಶೇಷ ಅಂಗಕ್ಕೆ ಮುಟ್ಟಿಸುವ ರೀತಿ ಅದು.

ಕೆಮ್ಮಿನ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ನೆಲಕ್ಕೆ ಕುಗ್ಗಿ, ಕುತ್ತಿಗೆ ಚಾಚಿ ಕೆಮ್ಮುವುದನ್ನು ಕೂದಲುಂಡೆ ಕಕ್ಕುವ ಪ್ರಯತ್ನವೆಂದು ತಿಳಿಯುತ್ತಾರೆ. ಕೂದಲು ಹೊರಬರದೆ ಇದು ಮರುಕಳಿಸಿದರೆ ಆಸ್ತಮಾ ಇರಬಹುದು. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ, ಏಕೆಂದರೆ ಅವರ ಮುಂದೆ ಬೆಕ್ಕು ಕೆಮ್ಮದೇ ಇರಬಹುದು.

ಒಸಡು, ನಾಲಿಗೆ ನೀಲಿ, ಬೂದು ಅಥವಾ ಬಿಳಿಚಿಕೊಂಡಿದ್ದರೆ ತಕ್ಷಣ ಹೊರಡಿ. ಬಲವಂತವಾಗಿ ನೀರು, ಆಹಾರ ಕೊಡಬೇಡಿ. ಬೆನ್ನ ಮೇಲೆ ಮಲಗಿಸಬೇಡಿ. ಮನುಷ್ಯರ ಮಾತ್ರೆ ಯಾವುದೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ; ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಅದು ಕಸಿಯುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ, ಸದ್ದುಗದ್ದಲವಿಲ್ಲದೆ ಕರೆದೊಯ್ಯಿರಿ, ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿಸಿ. ಅಲ್ಲಿ ಸಾಮಾನ್ಯವಾಗಿ ಮೊದಲು ಆಮ್ಲಜನಕ ಕೊಟ್ಟು, ಬೆಕ್ಕು ಸುಧಾರಿಸಿಕೊಂಡ ಮೇಲೆ ಎಕ್ಸ್-ರೇ ಮಾಡುತ್ತಾರೆ. ಆತುರದ ತಪಾಸಣೆಯ ಗಾಬರಿಯೇ ಅದರ ಉಸಿರನ್ನು ಇನ್ನಷ್ಟು ಕೆಡಿಸಬಲ್ಲದು, ಆದ್ದರಿಂದ ಪರೀಕ್ಷೆ ಬೇಗ ಮಾಡಿ ಎಂದು ಒತ್ತಾಯಿಸಬೇಡಿ.