ಕಿಡ್ನಿ ಕಸಿಯ ನಂತರ ಶುಗರ್ ಮತ್ತು ತೂಕ: ನಾನು ಲೆಕ್ಕ ಇಡುವ ರೀತಿ

ಕಸಿಯಾದ ಮೇಲೆ ಶುಗರ್ ನೋಡಿಕೊಳ್ಳುವವರು ಮೊದಲು ಬಿಡಬೇಕಾದ ಅಭ್ಯಾಸ ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ನೋಡಿ ನೆಮ್ಮದಿಯಾಗಿಬಿಡುವುದು. ಕಸಿಯಾದ ಮೇಲೆ ಕೊಡುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಬೆಳಿಗ್ಗೆ 8ಕ್ಕೆ ನುಂಗಿದರೆ ಅದರ ಬಿಸಿ ತಟ್ಟುವುದು ಮಧ್ಯಾಹ್ನ. ಸಂಜೆವರೆಗೂ ಶುಗರ್ ಏರಿಯೇ ಇರುತ್ತದೆ, ರಾತ್ರಿ ಇಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಏನೂ ಆಗೇ ಇಲ್ಲ ಅನ್ನುವ ಹಾಗಿರುತ್ತದೆ. ದಿನಕ್ಕೆ 20 ಮಿಗ್ರಾಂ ಇದ್ದಾಗ ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ಬೆಳಿಗ್ಗೆ 98, ಮಧ್ಯಾಹ್ನ ಊಟಕ್ಕೆ ಮುಂಚೆ 146, ಊಟವಾಗಿ ಎರಡು ಗಂಟೆಗೆ 241, ರಾತ್ರಿ ಊಟಕ್ಕೆ ಮುಂಚೆ 203, ಮಲಗುವಾಗ 150. ಇದರಲ್ಲಿ 98 ಒಂದನ್ನೇ ಬರೆದುಕೊಂಡು ಹೋದರೆ ವೈದ್ಯರಿಗೆ ಏನು ತಿಳಿಯಬೇಕು? ದಿನಕ್ಕೆ ಮೀಟರ್‌ನ ಒಂದೇ ಸ್ಟ್ರಿಪ್ ಅನ್ನುವವರು ಅದನ್ನು ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಬಳಸಿ.

ಶುಗರ್ ಏರಲು ಕಾರಣ ಒಂದಲ್ಲ. ಸ್ಟೀರಾಯ್ಡ್‌ನಿಂದಾಗಿ ಸ್ನಾಯು, ಯಕೃತ್ತುಗಳು ಇನ್ಸುಲಿನ್‌ನ ಮಾತು ಕೇಳುವುದಿಲ್ಲ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಇನ್ಸುಲಿನ್ ಹೊರಬರುವುದನ್ನೇ ತಗ್ಗಿಸುತ್ತದೆ. ಮೂತ್ರದಲ್ಲಿ ಮೆಗ್ನೀಸಿಯಂ ಸೋರುವಂತೆಯೂ ಮಾಡುತ್ತದೆ, ಅದೂ ಶುಗರ್‌ಗೆ ಒಳ್ಳೆಯದಲ್ಲ. ಮೂರನೆಯದು ಹೊಸ ಕಿಡ್ನಿಯೇ. ರಕ್ತದಿಂದ ಇನ್ಸುಲಿನ್ ತೆಗೆದುಹಾಕುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಡಯಾಲಿಸಿಸ್ ಕಾಲದಲ್ಲಿ ಸ್ವಲ್ಪವೇ ಇನ್ಸುಲಿನ್ ಬಹಳ ಹೊತ್ತು ಉಳಿಯುತ್ತಿತ್ತು, ಹಸಿವೂ ಅಷ್ಟಕ್ಕಷ್ಟೆ. ಈಗ ಕಿಡ್ನಿ ಚೆನ್ನಾಗಿದೆ, ಇನ್ಸುಲಿನ್ ಬೇಗ ಖಾಲಿ, ಪಥ್ಯ ಸಡಿಲ, ಹಸಿವು ಜೋರು. ಹಳೆಯ ಪ್ರಮಾಣ ಸಾಲುವುದಿಲ್ಲ. ಹಾಗಾಗಿ ಡೋಸ್ ಹೆಚ್ಚಿಸಿದರೆ ಕಾಯಿಲೆ ಬಿಗಡಾಯಿಸಿತು ಅಂತ ಗಾಬರಿ ಬೇಡ. ತಿಂಗಳುಗಳು ಕಳೆದ ಮೇಲೆ ಕಾರಣವಿಲ್ಲದೆ ಇನ್ಸುಲಿನ್ ಕಡಿಮೆ ಸಾಕಾಗತೊಡಗಿ, ಪದೇ ಪದೇ ಶುಗರ್ ಇಳಿಯುತ್ತಿದ್ದರೆ ಮಾತ್ರ ಖುಷಿಪಡದೆ, ಕಿಡ್ನಿ ಸೊರಗಿದರೆ ಏರುವ ಕ್ರಿಯಾಟಿನಿನ್‌ನ ರಕ್ತಪರೀಕ್ಷೆ ಮಾಡಿಸಬೇಕು.

ಮೊದಲ ಕೆಲವು ವಾರ ಬಹುತೇಕ ಎಲ್ಲರಿಗೂ ಶುಗರ್ ಏರುತ್ತದೆ. ಆಗಲೇ ಮಧುಮೇಹ ಅಂತ ಹಣೆಪಟ್ಟಿ ಕಟ್ಟುವುದಿಲ್ಲ. ಆಸ್ಪತ್ರೆ ಬಿಟ್ಟು, ಔಷಧಗಳು ಒಂದು ಹದಕ್ಕೆ ಬಂದು, ಸುಮಾರು ಒಂದೂವರೆ ತಿಂಗಳಾದ ಮೇಲೂ ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಗ ಅದಕ್ಕೆ ಕಸಿಯ ನಂತರದ ಮಧುಮೇಹ ಅನ್ನುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯನ್ನು ಮೊದಲ ತಿಂಗಳುಗಳಲ್ಲಿ ನಂಬುವ ಹಾಗಿಲ್ಲ. ಮೈಗೆ ರಕ್ತ ಏರಿಸಿರುತ್ತಾರೆ, ಹೊಸ ಕೆಂಪುಕಣಗಳು ಆಗಷ್ಟೇ ಹುಟ್ಟಿರುತ್ತವೆ. ಅವುಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ. 5.8 ಬಂದರೂ ಮಧ್ಯಾಹ್ನದ ಅಂಕಿ 240 ಇರಬಹುದು.

ಮೀಟರ್ ಕೂಡ ತಪ್ಪು ಹೇಳುತ್ತದೆ. ಹಣ್ಣು ಮುಟ್ಟಿದ ಬೆರಳಲ್ಲಿ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಂಡೇ ಚುಚ್ಚಬೇಕು. ಹಿಮೋಗ್ಲೋಬಿನ್ ತೀರ ಕಡಿಮೆ ಇದ್ದರೆ ಹಲವು ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ದ್ರಾವಣ ಬಳಸುತ್ತಿದ್ದವರ ರಕ್ತದಲ್ಲಿ ಅದು ಒಡೆದು ಆದ ಮಾಲ್ಟೋಸ್ ಎರಡು ವಾರದವರೆಗೂ ಉಳಿಯಬಹುದು. ಕೆಲವು ಬಗೆಯ ಸ್ಟ್ರಿಪ್‌ಗಳು ಮಾಲ್ಟೋಸನ್ನೂ ಗ್ಲೂಕೋಸ್ ಅಂತಲೇ ಎಣಿಸುತ್ತವೆ. ನಿಜವಾದ ಶುಗರ್ 60 ಇದ್ದಾಗ ಮೀಟರ್ 180 ತೋರಿಸಿ, ಅದಕ್ಕೆ ಇನ್ಸುಲಿನ್ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಸ್ಟ್ರಿಪ್ ಡಬ್ಬಿಯೊಳಗಿನ ಚೀಟಿಯಲ್ಲಿ ಮಾಲ್ಟೋಸ್ ಬಗ್ಗೆ ಎಚ್ಚರಿಕೆ ಇದೆಯೇ ಅಂತ ಓದಿ.

ಕೈ ನಡುಕದ ವಿಷಯ. ಟ್ಯಾಕ್ರೊಲಿಮಸ್ ನುಂಗಿದ ಒಂದೆರಡು ಗಂಟೆಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ, ಆಗ ಬೆರಳು ನಡುಗುತ್ತವೆ. ಶುಗರ್ ಇಳಿದಾಗಲೂ ಹಾಗೇ ನಡುಗುತ್ತವೆ. ನಡುಗಿದಾಗಲೆಲ್ಲ ಸಿಹಿ ಬಾಯಿಗೆ ಹಾಕಿಕೊಂಡರೆ ತೂಕವೂ ಏರಿತು, ಶುಗರ್ರೂ ಏರಿತು. ಚುಚ್ಚಿ ನೋಡದೆ ತಿನ್ನುವುದಿಲ್ಲ ಅನ್ನುವುದು ನನ್ನ ನಿಯಮ. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ಇಳಿದಿದೆ ಅಂತಲೇ ತಿಳಿದು ತಿನ್ನಬೇಕು. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ಚುಚ್ಚುತ್ತೇನೆ. ಹಣ್ಣಿನ ರಸಕ್ಕಿಂತ ಪುಡಿಯೇ ವಾಸಿ. ಟ್ಯಾಕ್ರೊಲಿಮಸ್ ಪೊಟ್ಯಾಸಿಯಂ ಏರಿಸುತ್ತದೆ, ರಸ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಗ್ರೇಪ್‌ಫ್ರೂಟ್, ಚಕ್ಕೋತ ಆದರಂತೂ ಟ್ಯಾಕ್ರೊಲಿಮಸ್ ಮಟ್ಟವನ್ನೇ ಮೇಲೆ ತಳ್ಳುತ್ತವೆ. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಗೊತ್ತೇ ಆಗದಿರಬಹುದು; ಅವರು ಬೆವರನ್ನು ಗಮನಿಸಬೇಕು.

ಇನ್ನು ತೂಕ. ಆಪರೇಷನ್ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ನೀರಿನ ಪಾಲೆಷ್ಟು ಅಂತ ಗೊತ್ತಾಗುವುದಿಲ್ಲ. ಕಾಲಿನ ಊತ ಪೂರ್ತಿ ಇಳಿದ ಮೇಲಿನ ತೂಕವೇ ನನ್ನ ಮೂಲ ಅಂಕಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮೊದಲು, ಅದೇ ತಕ್ಕಡಿಯ ಮೇಲೆ. ಎರಡು ದಿನದಲ್ಲಿ 2 ಕೆಜಿ ಏರಿದರೆ ಅದು ಕೊಬ್ಬು ಅಲ್ಲ. 1 ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಎರಡು ದಿನದಲ್ಲಿ 15,000ಕ್ಕೂ ಮೇಲೆ ಯಾರೂ ತಿನ್ನಲಾರರು. ಅದು ನೀರು. ಕಣಕಾಲು ಒತ್ತಿ ಗುಳಿ ಬೀಳುತ್ತದೆಯೇ, ಬಿಪಿ ಏರಿದೆಯೇ, ಮೂತ್ರ ಕಡಿಮೆಯಾಗಿದೆಯೇ ನೋಡಿ ಅವತ್ತೇ ಫೋನ್ ಮಾಡಬೇಕು. ವಾರಕ್ಕೆ 300 ಗ್ರಾಂನಂತೆ ಸದ್ದಿಲ್ಲದೆ ಸೇರುವುದು ಊಟದ್ದು. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ, ಆದರೆ ವರ್ಷಕ್ಕೆ 15 ಕೆಜಿ ಆಗುವುದು ಅದೇ.

ಸ್ಟೀರಾಯ್ಡ್ ಹಸಿವನ್ನು ಮನೋಬಲದಿಂದ ಗೆಲ್ಲುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಹಸಿವು ಬಂದೇ ಬರುತ್ತದೆ, ಅದಕ್ಕೆ ಏನು ಹಾಕಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಪಿಷ್ಟ. ಪಿಷ್ಟದ ಹೆಚ್ಚಿನ ಪಾಲು ಬೆಳಿಗ್ಗೆಗೆ, ಕಡಿಮೆ ಮಧ್ಯಾಹ್ನ ಸಂಜೆಗೆ, ಸ್ಟೀರಾಯ್ಡ್‌ನ ಏರುಹೊತ್ತಿಗೆ ಎದುರಾಗಿ. ಮೊದಲ 4ರಿಂದ 6 ವಾರ ಗಾಯ ಮಾಯಲು ಪ್ರೋಟೀನ್ ಹೆಚ್ಚು ಬೇಕು, ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1.3ರಿಂದ 1.5 ಗ್ರಾಂ, ಆಮೇಲೆ 0.8ರಿಂದ 1 ಸಾಕು. ತೂಕ ಇಳಿಸುವ ಆತುರದಲ್ಲಿ ಮೊದಲ ತಿಂಗಳೇ ಪ್ರೋಟೀನ್ ಕಡಿದರೆ ಕರಗುವುದು ತೊಡೆಯ ಸ್ನಾಯು. ಸ್ನಾಯು ಕರಗಿದರೆ ಕ್ರಿಯಾಟಿನಿನ್ ಕೂಡ ಇಳಿಯುತ್ತದೆ, ಕಿಡ್ನಿ ಸುಧಾರಿಸಿತು ಅಂತ ಭ್ರಮೆಯಾಗುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ತೆಗೆದು, ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲೆ ಅಂತ ಎಣಿಸುತ್ತೇನೆ. ಸೊಂಟ ಏರಿ ಈ ಎಣಿಕೆ ಇಳಿದರೆ ತಕ್ಕಡಿ ಏನೇ ಹೇಳಲಿ, ದಾರಿ ತಪ್ಪಿದೆ. ಊಟವಾದ ಮೇಲೆ 15 ನಿಮಿಷ ನಡೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಭಾರ ಎತ್ತುವುದು ಮಾತ್ರ ಸರ್ಜನ್ ಒಪ್ಪಿದ ಮೇಲೆ.

ಸ್ಟೀರಾಯ್ಡ್ ಇಳಿದರೆ ಇನ್ಸುಲಿನ್ ಕೂಡ ಕಡಿಮೆ ಸಾಕು. ಅದಕ್ಕೇ ಸ್ಟೀರಾಯ್ಡ್ ಇಳಿಸಿದ ದಿನ ಇನ್ಸುಲಿನ್ ಎಷ್ಟು ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಒಂದನ್ನು ಕಿಡ್ನಿ ವೈದ್ಯರು ಇಳಿಸಿ, ಇನ್ನೊಂದನ್ನು ಶುಗರ್ ವೈದ್ಯರು ಮುಂದಿನ ತಿಂಗಳು ನೋಡೋಣ ಅಂದರೆ, ನಡುವೆ ಮೂರ್ಛೆ ಬೀಳುವವರು ನಾವು. ಶುಗರ್ ಏರಿತು ಅಂತ ಸ್ಟೀರಾಯ್ಡ್, ಟ್ಯಾಕ್ರೊಲಿಮಸ್‌ಗಳನ್ನು ನಾವೇ ಕಡಿಮೆ ಮಾಡುವುದಂತೂ ಕಿಡ್ನಿಯನ್ನೇ ಕಳೆದುಕೊಳ್ಳುವ ದಾರಿ.

ಶುಗರ್ ಮಾತ್ರೆಗಳಲ್ಲಿ ಲಿನಾಗ್ಲಿಪ್ಟಿನ್‌ಗೆ ಕಿಡ್ನಿ ನೋಡಿ ಡೋಸ್ ಬದಲಿಸಬೇಕಿಲ್ಲ. ಮೆಟ್‌ಫಾರ್ಮಿನ್ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂಕಿ) 30ಕ್ಕಿಂತ ಕೆಳಗೆ ಬೇಡ, 45ರ ಕೆಳಗೆ ಡೋಸ್ ತಗ್ಗಿಸಬೇಕು. ಅದರ ಭೇದಿಯೂ, ಕಿಡ್ನಿ ತಿರಸ್ಕಾರ ತಡೆಯುವ ಇನ್ನೊಂದು ಮಾತ್ರೆ ಮೈಕೋಫಿನೊಲೇಟ್‌ನ ಭೇದಿಯೂ ಒಂದೇ ಥರ. ಎರಡನ್ನೂ ಒಂದೇ ವಾರ ಬದಲಿಸಿದರೆ ಯಾವುದು ಕಾರಣ ಅಂತ ತಿಳಿಯುವುದಿಲ್ಲ. ಭೇದಿಯಾದಾಗ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ, ಮೈಯಲ್ಲಿ ನೀರು ಇಳಿಯುತ್ತದೆ, ಎರಡೂ ಕ್ರಿಯಾಟಿನಿನ್ ಏರಿಸುತ್ತವೆ. ವಾಂತಿ ಭೇದಿ ಇದ್ದಾಗ ಮೆಟ್‌ಫಾರ್ಮಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನಿಲ್ಲಿಸಿ, ಸ್ಟೀರಾಯ್ಡ್ ಮತ್ತು ಮೂಲ ಇನ್ಸುಲಿನ್ (ಊಟದ್ದಲ್ಲ, ದಿನವಿಡೀ ಕೆಲಸ ಮಾಡುವುದು) ನಿಲ್ಲಿಸದೆ, ಕಸಿ ಘಟಕಕ್ಕೆ ಫೋನ್ ಮಾಡಬೇಕು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ಶುಗರ್, ತೂಕ ಎರಡನ್ನೂ ಇಳಿಸುತ್ತದೆ. ಆದರೆ ಡೋಸ್ ಏರಿಸಿದ ವಾರಗಳಲ್ಲಿ ಓಕರಿಕೆ ಬಂದು ನೀರು ಕುಡಿಯುವುದು ತಪ್ಪಿದರೆ ಅಲ್ಲೂ ಕ್ರಿಯಾಟಿನಿನ್ ಏರುತ್ತದೆ; ಕುಡಿದ ನೀರನ್ನು ಆಗ ಅಳೆದು ಬರೆಯುವುದು ಒಳ್ಳೆಯದು.

ಟ್ಯಾಕ್ರೊಲಿಮಸ್ ಮಟ್ಟಕ್ಕೆ ರಕ್ತ ಕೊಡುವ ದಿನ ಬೆಳಗಿನ ಡೋಸ್ ನುಂಗದೆ, ದಿನಕ್ಕೆ ಎರಡು ಸಲ ನುಂಗುವವರು ಹಿಂದಿನ ಡೋಸ್ ಆಗಿ 12 ಗಂಟೆಗೆ ಸರಿಯಾಗಿ ಕೊಡಬೇಕು. ಆ ದಿನ ತಿಂಡಿಯೂ ತಡ. ಊಟದ ಇನ್ಸುಲಿನ್ ಮನೆಯಲ್ಲೇ ಹಾಕಿಕೊಂಡು ಹೊರಟರೆ ಸಾಲಿನಲ್ಲಿ ನಿಂತಾಗಲೇ ಶುಗರ್ ಇಳಿಯುತ್ತದೆ. ಮಾತ್ರೆ, ಇನ್ಸುಲಿನ್, ತಿಂಡಿ ಮೂರೂ ಚೀಲದಲ್ಲಿ. ರಕ್ತ ಕೊಟ್ಟ ಮೇಲೆ ಮಾತ್ರೆ, ತಿಂಡಿ ಕಣ್ಣೆದುರು ಬಂದ ಮೇಲೆ ಇನ್ಸುಲಿನ್.