ಹದಿನಾರು ಸಾವಿರದ ಗಿಟಾರು ಮತ್ತು ಒಂದೂ ಮುಕ್ಕಾಲು ಲಕ್ಷದ ಗಿಟಾರು

2015ರಲ್ಲಿ ನಾನು ಕೊಂಡ ಮೊದಲ ಎಲೆಕ್ಟ್ರಿಕ್ ಗಿಟಾರಿನ ಬೆಲೆ 16 ಸಾವಿರ ರೂಪಾಯಿ. ಶಿವಮೊಗ್ಗದ ಸುತ್ತಮುತ್ತ ರಸಮಂಜರಿ ಕಾರ್ಯಕ್ರಮ ಕೊಡುವ ಒಂದು ವಾದ್ಯವೃಂದಕ್ಕೆ ಆಗತಾನೆ ಸೇರಿದ್ದೆ. ವಾರವೆಲ್ಲ ಪ್ರೌಢಶಾಲೆಯಲ್ಲಿ ಗಣಿತದ ಪಾಠ, ಶನಿವಾರ ಭಾನುವಾರದ ರಾತ್ರಿ ವೇದಿಕೆ. ನಾನು ಕೊಂಡದ್ದು ಸ್ಟ್ರಾಟೋಕಾಸ್ಟರ್ ಮಾದರಿಯದು. 1954ರಲ್ಲಿ ಫೆಂಡರ್ ಕಂಪನಿ ಹೊರತಂದ ಈ ವಿನ್ಯಾಸವನ್ನು, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ, ಒಂದೇ ಸುರುಳಿಯ ಮೂರು ಪಿಕಪ್‌ಗಳು, ತಂತಿಗಳ ತುದಿ ಹಿಡಿದು ಸ್ಪ್ರಿಂಗುಗಳ ಆಸರೆಯಲ್ಲಿ ಹಿಂದೆ ಮುಂದೆ ವಾಲುವ ಬ್ರಿಡ್ಜ್ ಮತ್ತು ಎರಡು ಕೊಂಬಿನ ದೇಹ, ಇವುಗಳನ್ನು ಅನುಕರಿಸದ ಗಿಟಾರ್ ತಯಾರಕರು ಕಡಿಮೆ. ದೂರದಿಂದ ನೋಡಿದರೆ 16 ಸಾವಿರದ ಗಿಟಾರಿಗೂ ಅದರ ಹತ್ತುಪಟ್ಟು ಬೆಲೆಯದಕ್ಕೂ ವ್ಯತ್ಯಾಸ ಕಾಣದಿರುವುದು ಇದೇ ಕಾರಣಕ್ಕೆ.

ವ್ಯತ್ಯಾಸ ಮೊದಲು ಕೇಳಿಸಿದ್ದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ. ಹೊಳೆಯ ಕಡೆಯಿಂದ ಬರುವ ಚಳಿಯಲ್ಲಿ ಶ್ರುತಿ ಮಾಡಿಕೊಂಡು ವೇದಿಕೆ ಹತ್ತಿದೆವು. ಮೇಲೆ ದೀಪಗಳ ಕಾವಿಗೆ ಉಕ್ಕಿನ ತಂತಿಗಳು ಹಿಗ್ಗಿ ಸ್ವರ ಇಳಿಯತೊಡಗಿತು. ಇದು ಯಾವ ಗಿಟಾರಿಗೂ ತಪ್ಪಿದ್ದಲ್ಲ. ಆದರೆ ನನ್ನದರಲ್ಲಿ ಗಮಕಕ್ಕೆಂದು ತಂತಿಯನ್ನು ಎಳೆದು ಬಿಟ್ಟಾಗಲೆಲ್ಲ ಅದು ಮೊದಲಿನ ಜಾಗಕ್ಕೆ ಮರಳುತ್ತಲೇ ಇರಲಿಲ್ಲ. ಎರಡನೆಯ ಹಾಡಿನ ನಡುವೆ ಕೀಬೋರ್ಡಿನವರು ಬಗ್ಗಿ, "ಮೇಷ್ಟ್ರೇ, ಮೂರನೇ ತಂತಿ ಇಳಿದಿದೆ" ಎಂದರು. ಅದರ ಜೊತೆಗೆ ಅಲಂಕಾರದ ದೀಪಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರಿನಿಂದ ಬರುತ್ತಿದ್ದ ಗುಂಯ್‌ಗುಡುವಿಕೆ ಬೇರೆ. ಆ ರಾತ್ರಿ ಮನೆಗೆ ಬಂದವನೇ ಒಳ್ಳೆಯ ಗಿಟಾರನ್ನೇ ಕೊಳ್ಳಬೇಕೆಂದು ತೀರ್ಮಾನಿಸಿದೆ.

ಎರಡು ವರ್ಷ ಕಟ್ಟಿದ ಚೀಟಿಯ ಹಣವೂ ಒಂದಿಷ್ಟು ಉಳಿತಾಯವೂ ಸೇರಿ 2019ರ ಫೆಬ್ರುವರಿಯ ಹೊತ್ತಿಗೆ ಕೈಯಲ್ಲಿ 1 ಲಕ್ಷದ 75 ಸಾವಿರ ರೂಪಾಯಿ ಇತ್ತು. ಅಮೆರಿಕದಲ್ಲಿ ತಯಾರಾದ ಸ್ಟ್ರಾಟೋಕಾಸ್ಟರ್ ಕೊಳ್ಳುವ ಉದ್ದೇಶದಿಂದ ಬೆಂಗಳೂರಿಗೆ ಹೊರಟಾಗ ಹಳೆಯ ಗಿಟಾರನ್ನೂ ಹೆಗಲಿಗೆ ಹಾಕಿಕೊಂಡು ಹೋದೆ. ಇಡೀ ವ್ಯವಹಾರದಲ್ಲಿ ನಾನು ತೋರಿದ ಜಾಣತನ ಅದೊಂದೇ ಎಂದು ಈಗ ಅನ್ನಿಸುತ್ತದೆ. ಅಂಗಡಿಯಲ್ಲಿ ಹೊಸ ಗಿಟಾರನ್ನು ಮಾತ್ರ ನುಡಿಸಿದರೆ ಅದು ಚೆನ್ನಾಗಿಯೇ ಇರುತ್ತದೆ. ಯಾವುದಕ್ಕಿಂತ, ಎಷ್ಟು ಚೆನ್ನಾಗಿದೆ ಎಂಬುದು ತಿಳಿಯಬೇಕಾದರೆ ಕೈಗೆ ಪಳಗಿದ್ದು ಪಕ್ಕದಲ್ಲಿರಬೇಕು.

ಹಳೆಯದಕ್ಕೆ ಹೊಸದರಲ್ಲಿದ್ದಷ್ಟೇ ದಪ್ಪದ ಹೊಸ ತಂತಿಗಳನ್ನು ಹಾಕಿ, ಎರಡನ್ನೂ ಒಂದೇ ಕೇಬಲ್ಲಿನಿಂದ ಒಂದೇ ಆಂಪ್ಲಿಫೈಯರಿಗೆ ಸೇರಿಸಿ, ಡಿಸ್ಟಾರ್ಷನ್, ಅಂದರೆ ಧ್ವನಿಯನ್ನು ಬೇಕೆಂದೇ ಒರಟಾಗಿಸುವ ಪರಿಣಾಮ, ಇಲ್ಲದ ಶುದ್ಧ ಧ್ವನಿಯಲ್ಲಿ, ನನಗೂ ಜೊತೆಗೆ ಬಂದಿದ್ದ ಗೆಳೆಯರಿಗೂ ಸಮವೆಂದು ಕೇಳುವಷ್ಟು ಗಟ್ಟಿಯಾಗಿ ಹೊಂದಿಸಿಕೊಂಡೆವು. ಡಿಸ್ಟಾರ್ಷನ್ ಹಾಕಿದರೆ ಅಗ್ಗದ್ದರ ಕೊರತೆಯೂ ದುಬಾರಿಯದರ ಗುಣವೂ ಒಟ್ಟಿಗೆ ಮುಚ್ಚಿಹೋಗುತ್ತವೆ. ನಾನು ಗೋಡೆಯ ಕಡೆ ತಿರುಗಿ ಕೂತೆ, ಗೆಳೆಯರು ಹತ್ತು ಸಲ ಗಿಟಾರ್ ಬದಲಿಸಿಯೋ ಬದಲಿಸದೆಯೋ ನುಡಿಸಿದರು. ಹತ್ತರಲ್ಲಿ ನಾಲ್ಕು ಸಲ ನನ್ನ ಊಹೆ ತಪ್ಪಿತು. ನಾಲ್ಕು ವರ್ಷ ಎದೆಗವಚಿಕೊಂಡಿದ್ದ ಗಿಟಾರಿನ ಧ್ವನಿಯೇ ನನಗೆ ಗುರುತು ಸಿಗಲಿಲ್ಲ.

ಯೋಚಿಸಿದರೆ ಇದು ಅಚ್ಚರಿಯಲ್ಲ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಹಿಡಿಯುವುದಿಲ್ಲ. ಕಾಂತಕ್ಷೇತ್ರದಲ್ಲಿ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ದೇಹ ಆಲ್ಡರ್ ಮರದ್ದೋ ಪಾಪ್ಲರ್ ಮರದ್ದೋ ಎಂಬ ಚರ್ಚೆಗೆ ಅಕೌಸ್ಟಿಕ್ ಗಿಟಾರಿನಲ್ಲಿರುವ ತೂಕ ಇಲ್ಲಿಲ್ಲ. ನನ್ನ ಗಿಟಾರಿನ ಪಿಕಪ್‌ಗಳಲ್ಲಿ ಉಕ್ಕಿನ ಕಡ್ಡಿಗಳ ಅಡಿಗೆ ಸೆರಾಮಿಕ್ ಕಾಂತದ ಪಟ್ಟಿ ಅಂಟಿಸಿತ್ತು, ದುಬಾರಿಯದರಲ್ಲಿ ಕಡ್ಡಿಗಳೇ ಅಲ್ನಿಕೊ ಕಾಂತಗಳು, ಅಂದರೆ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹದವು. ನನ್ನದರ ಧ್ವನಿ ತುಸು ಕಟುವಾಗಿತ್ತು ನಿಜ. ಆಂಪ್ಲಿಫೈಯರಿನ ಟ್ರೆಬಲ್ ತಿರುಪನ್ನು ಕೂದಲೆಳೆಯಷ್ಟು ಇಳಿಸಿದಾಗ ಆ ಅಂತರದ ಬಹುಪಾಲು ಮಾಯವಾಯಿತು. ಸ್ಪಷ್ಟವಾಗಿ ಬೇರೆಯಾಗಿ ಕೇಳಿದ್ದು ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದಾಗ. ಗಾಯಕರು ಹಾಡುವಾಗ ಹಿಂದೆ ಸರಿದು ನುಡಿಸಲು ನಾನು ಸದಾ ಹೀಗೆ ಇಳಿಸುತ್ತೇನೆ. ನನ್ನದು ಕಂಬಳಿ ಹೊದೆಸಿದಂತೆ ಮಂಕಾಗುತ್ತಿತ್ತು, ದುಬಾರಿಯದು ಮಾತ್ರ ಹೊಳಪು ಉಳಿಸಿಕೊಂಡಿತು. ಕಾರಣ ಕೇಳಿದರೆ, ವಾಲ್ಯೂಮ್ ತಿರುಪಿಗೆ ಬೆಸೆದ ಒಂದು ಪುಟ್ಟ ಕೆಪಾಸಿಟರ್ ಮತ್ತು ರೆಸಿಸ್ಟರ್! ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಇವೆರಡಕ್ಕೂ ಸೇರಿ ಹತ್ತಿಪ್ಪತ್ತು ರೂಪಾಯಿ.

ಕಿವಿಗೆ ಸಿಗದ ವ್ಯತ್ಯಾಸ ಕೈಗೆ ಸಿಕ್ಕಿತು. ಎಡಗೈಯನ್ನು ಗಿಟಾರಿನ ನೆಕ್, ಅಂದರೆ ಉದ್ದನೆಯ ಹಿಡಿಯ ಅಂಚಿಗುಂಟ ಜಾರಿಸಿದರೆ, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗಳ ತುದಿಗಳು ನನ್ನ ಗಿಟಾರಿನಲ್ಲಿ ಗರಗಸದಂತೆ ತಾಗುತ್ತಿದ್ದವು. ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಮರ ಫೆಬ್ರುವರಿಯ ಒಣಹವೆಗೆ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ತುದಿಗಳು ಹೊರಕ್ಕೆ ಇಣುಕುತ್ತವೆ. ಚೆನ್ನಾಗಿ ಒಣಗಿಸಿದ ಮರ ಬಳಸಿ ತುದಿಗಳನ್ನು ಒಂದೊಂದಾಗಿ ಅರದಿಂದ ಉಜ್ಜಿ ದುಂಡಗೆ ಮಾಡಲು ಬೇಕಾಗುವುದು ಮನುಷ್ಯರ ಸಮಯ, ಬೆಲೆಯಲ್ಲಿ ಸೇರಿರುವುದೂ ಅದೇ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುವುದರಿಂದ ಸ್ವರಸ್ಥಾನ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ಟನ್ನು ಮರದ ಸೀಳಿನೊಳಗೆ ಬಡಿದು ಕೂರಿಸಿರುತ್ತಾರೆ. ಒಂದು ಫ್ರೆಟ್ ಕೂದಲಷ್ಟು ಎತ್ತರವಾದರೂ ಅದರ ಹಿಂದಿನ ಸ್ವರ ಗರಗರ ಎನ್ನುತ್ತದೆ, ಸರಿಪಡಿಸಲು ಲೋಹವನ್ನೇ ಉಜ್ಜಿ ತೆಗೆಯಬೇಕು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಆ ಅಂಗಡಿಯಲ್ಲಿದ್ದ ಈಚಿನ ಅಗ್ಗದ ಮಾದರಿಗಳ ಬೆರಳುಫಲಕ, ಅಂದರೆ ಬೆರಳೊತ್ತುವ ನೆಕ್ಕಿನ ಮೇಲಿನ ಹಲಗೆ, 'ಇಂಡಿಯನ್ ಲಾರೆಲ್' ಮರದ್ದೆಂದು ಬರೆದಿತ್ತು. ಅದು ನಮ್ಮ ಮತ್ತಿ ಮರ. ದುಬಾರಿಯದರಲ್ಲಿದ್ದ ರೋಸ್‌ವುಡ್ ಎಂದರೆ ನಮ್ಮ ಬೀಟೆ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದು, ಗಡಿ ದಾಟುವ ಗಿಟಾರುಗಳಿಗೂ ಕಾಗದಪತ್ರದ ಕಾಟ ಹೆಚ್ಚಿತು. ಆಗ ತಯಾರಕರು ಬೇರೆ ಮರಗಳತ್ತ ತಿರುಗಿದರು. ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಮತ್ತಿಯ ಮೇಲೆ ನುಡಿಸುವುದಕ್ಕೂ ಬೀಟೆಯ ಮೇಲೆ ನುಡಿಸುವುದಕ್ಕೂ ನನ್ನ ಬೆರಳುಗಳು ಭೇದ ಕಾಣಲಿಲ್ಲ, ಆದರೆ ಮಲೆನಾಡಿನವನಿಗೆ ತನ್ನ ಬೇಲಿಯಾಚೆಯ ಮರಗಳ ಹೆಸರನ್ನು ಅಲ್ಲಿ ಬೆಲೆಚೀಟಿಯ ಮೇಲೆ ಓದಿದಾಗ ಒಂದು ಬಗೆಯ ಮುಜುಗರ ಆಗಿದ್ದು ಹೌದು.

ಕೊನೆಗೆ ಶ್ರುತಿಯ ಪರೀಕ್ಷೆ. ಮೂರನೆಯ ತಂತಿಯನ್ನು ಏಳನೆಯ ಫ್ರೆಟ್ಟಿನಲ್ಲಿ ಪೂರ್ಣ ಸ್ವರದಷ್ಟು ಹತ್ತು ಸಲ ಎಳೆದು ಬಿಟ್ಟು ಟ್ಯೂನರಿನಲ್ಲಿ ನೋಡಿದೆ. ಒಂದು ಅರ್ಧಸ್ವರದ ನೂರನೆಯ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ನನ್ನದು ಹದಿನೈದು ಸೆಂಟ್ ಇಳಿದಿತ್ತು, ದುಬಾರಿಯದು ಮೂರು. ತಪ್ಪು ಶ್ರುತಿಗೆಂದು ತಿರುಗಿಸುವ ಬಿರಡೆಗಳದ್ದೇ ಎಂದು ನಾನು ಅಷ್ಟು ಕಾಲ ನಂಬಿದ್ದೆ. ಅಂಗಡಿಯ ದುರಸ್ತಿಗಾರರು ತಂತಿ ಎಳೆಯುವಾಗ ಕೇಳುವ ಸಣ್ಣ 'ಟಿಕ್' ಶಬ್ದವನ್ನು ತೋರಿಸಿಕೊಟ್ಟರು. ನೆಕ್ಕಿನ ತುದಿಯಲ್ಲಿರುವ ನಟ್ ಎಂಬ ಪ್ಲಾಸ್ಟಿಕ್ ತುಂಡಿನ ಗೀರು ಇಕ್ಕಟ್ಟಾಗಿ, ತಂತಿ ಅಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಜಾರುತ್ತಿರಲಿಲ್ಲ. ತಂತಿ ನುಣ್ಣಗೆ ಜಾರಲೆಂದು ಅವರು ಪೆನ್ಸಿಲ್ಲಿನ ಮೊನೆಯಿಂದ ಆ ಗೀರಿನಲ್ಲಿ ನಾಲ್ಕು ಸಲ ತಿದ್ದಿದರು. ಮತ್ತೆ ಹತ್ತು ಸಲ ಎಳೆದೆ: ಆರು ಸೆಂಟ್. ಒಂದೂ ಮುಕ್ಕಾಲು ಲಕ್ಷ ಜೇಬಿನಲ್ಲಿಟ್ಟುಕೊಂಡವನಿಗೆ ಐದು ರೂಪಾಯಿಯ ಪೆನ್ಸಿಲ್ ಕೊಟ್ಟ ಉತ್ತರ ಅದು. ಆ ಸಂಜೆಯ ರೈಲಿಗೆ ಗಿಟಾರ್ ಕೊಳ್ಳದೆ ವಾಪಸಾದೆ.

ಮುಂದಿನ ಎರಡು ತಿಂಗಳಲ್ಲಿ ಹಳೆಯದಕ್ಕೇ ಖರ್ಚು ಮಾಡಿದೆ. ಮೂಳೆಯ ನಟ್ 1,500 ರೂಪಾಯಿ, ತಂತಿಯನ್ನು ಬಿಗಿದು ಹಿಡಿಯುವ ಹೊಸ ಬಿರಡೆಗಳು 3,200, ಫ್ರೆಟ್‌ಗಳನ್ನು ಸಮತಟ್ಟು ಮಾಡಿಸಿ ತುದಿ ಉಜ್ಜಿಸಿದ್ದು 3,000, ಒಳಗೆ ಅಂಟಿಸುವ ತಾಮ್ರದ ಹಾಳೆ 600, ಬಿಡಿಭಾಗಗಳಿಗೆ 200, ಒಟ್ಟು 8,500. ನೆಕ್ಕಿನ ಬಾಗನ್ನು ಅಳೆಯಲು ಬೈಕ್ ಮೆಕ್ಯಾನಿಕ್ ಒಬ್ಬರ ಫೀಲರ್ ಗೇಜನ್ನು (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳನ್ನು) ಎರವಲು ತಂದೆ. ಮೊದಲ ಫ್ರೆಟ್ಟಿಗೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಯಾಪೊ ಎಂಬ ಹಿಡಿಕೆ ಹಾಕಿ, ಆರನೆಯ ತಂತಿಯನ್ನು ನೆಕ್ ದೇಹಕ್ಕೆ ಸೇರುವಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿನ ಮೇಲೆ ಉಳಿಯುವ ಸಂದು ಸುಮಾರು 0.25 ಮಿಲಿಮೀಟರ್ ಇರುವಂತೆ ನೆಕ್ಕಿನ ಬಾಗನ್ನು ಹೊಂದಿಸುವ, ಅದರೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಬೇಕು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಲ್ಲ.

ತಾಮ್ರದ ಹಾಳೆಯಿಂದ ಡಿಮ್ಮರಿನ ಕರ್ಕಶ ಸದ್ದು ಅಡಗಿತು, 50 ಹರ್ಟ್ಸಿನ ಗುಂಯ್‌ಕಾರ ಹೋಗಲಿಲ್ಲ. ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದಿಂದ ಬರುವ ಆ ಸದ್ದನ್ನು ತಾಮ್ರದ ತೆಳುಹಾಳೆ ತಡೆಯಲಾರದು. ಅದಕ್ಕಿರುವ ಉಪಾಯವೆಂದರೆ ನಡುವಿನ ಪಿಕಪ್ಪಿನ ಸುರುಳಿಯೂ ಕಾಂತವೂ ಉಳಿದೆರಡಕ್ಕೆ ವಿರುದ್ಧ ದಿಕ್ಕಿನಲ್ಲಿರುವುದು. ಆಗ ಪಿಕಪ್ ಆರಿಸುವ ಐದು ಸ್ಥಾನಗಳ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಒಟ್ಟಿಗೆ ದುಡಿಯುವ ಎರಡು ಪಿಕಪ್‌ಗಳ ಗುಂಯ್‌ಕಾರ ಒಂದನ್ನೊಂದು ಅಳಿಸುತ್ತದೆ, ಸಂಗೀತ ಮಾತ್ರ ಉಳಿಯುತ್ತದೆ. ನನ್ನದರಲ್ಲಿ ಹಾಗಿರಲಿಲ್ಲ. ಆದರೆ ಅಗ್ಗದ ಪಿಕಪ್ಪಿನ ಕಾಂತ ಬರೀ ಅಂಟಿಸಿದ ಪಟ್ಟಿಯಾದ್ದರಿಂದ, ಅದನ್ನು ನಿಧಾನವಾಗಿ ಬಿಡಿಸಿ, ಮಗುಚಿ ಅಂಟಿಸಿ, ಹೊರಬರುವ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸೆದೆ. ಅಲ್ನಿಕೊ ಕಡ್ಡಿಗಳ ಪಿಕಪ್ಪಿನಲ್ಲಿ ಇಂಥ ಕೈಚಳಕ ಇಷ್ಟು ಸುಲಭವಲ್ಲ. ಅಗ್ಗದ ಸಾಮಾನಿಗೂ ಅದರದೇ ಅನುಕೂಲವಿದೆ: ಕೆಟ್ಟರೆ ಕೆಡಲಿ ಎಂದು ಬಿಚ್ಚುವ ಧೈರ್ಯ ಬರುತ್ತದೆ.

ಅದೇ ಗಿಟಾರು ಮುಂದೆ ನಾಲ್ಕು ವರ್ಷ ದುಡಿಯಿತು, ನಡುವೆ ಕೊರೊನಾ ಕಾಲದ ಬಿಡುವನ್ನೂ ಸೇರಿಸಿಕೊಂಡು. ವೇದಿಕೆಯ ಮೇಲೆ ಯಾರೂ ಬಗ್ಗಿ ಏನೂ ಹೇಳಲಿಲ್ಲ. ಹಾಗಿದ್ದೂ 2023ರಲ್ಲಿ ನಾನು ದುಬಾರಿ ಗಿಟಾರನ್ನು ಕೊಂಡೆ, ಅದಕ್ಕೆ ಕಾರಣ ನೆಕ್. ಪ್ರತಿ ಮಳೆಗಾಲದಲ್ಲೂ ಅದು ಮುಂದಕ್ಕೆ ಬಾಗುವುದು, ನಾನು ಕಾಲು ಸುತ್ತು ಬಿಗಿಯುವುದು ನಡೆದೇ ಇತ್ತು. ಆ ವರ್ಷದ ಆಗಸ್ಟಿನಲ್ಲಿ ಟ್ರಸ್ ರಾಡ್ ಕೊನೆ ಮುಟ್ಟಿತು, ಇನ್ನು ತಿರುಗದು. ಬಿರಡೆ, ನಟ್, ಪಿಕಪ್, ತಿರುಪು ಎಲ್ಲವನ್ನೂ ಬೇಕಾದಾಗ ಬದಲಿಸಬಹುದು. ಬಾಗಿದ ನೆಕ್ಕನ್ನು ಬದಲಿಸಿ ಹೊಸದಕ್ಕೆ ಫ್ರೆಟ್ ಹೊಂದಿಸುವ ಖರ್ಚು ಮಾತ್ರ ಇಡೀ ಗಿಟಾರಿನ ಬೆಲೆಯನ್ನು ಮೀರುತ್ತದೆ. 2019ರಲ್ಲಿ ನಾನು ಕಿವಿಯಿಂದ ಹುಡುಕುತ್ತಿದ್ದ ಅಂತರ ನಿಜವಾಗಿ ಇದ್ದದ್ದು ಅಲ್ಲಿ, ಅದು ಅಂಗಡಿಯ ಒಂದು ಮಧ್ಯಾಹ್ನದಲ್ಲಿ ಕಾಣುವಂಥದ್ದಲ್ಲ.

ಈಗ ಬೆಂಗಳೂರಿನ ವಾದಕರೊಬ್ಬರಿಂದ 1 ಲಕ್ಷದ 15 ಸಾವಿರಕ್ಕೆ ಕೊಂಡ ಬಳಸಿದ ಸ್ಟ್ರಾಟೋಕಾಸ್ಟರನ್ನು ನುಡಿಸುತ್ತಿದ್ದೇನೆ. ಕೊಳ್ಳುವಾಗ ಧ್ವನಿಗೆ ಹತ್ತು ನಿಮಿಷ ಕೊಟ್ಟರೆ ನೆಕ್ಕಿಗೆ ಒಂದು ಗಂಟೆ ಕೊಟ್ಟೆ: ದೇಹದ ಕಡೆಯಿಂದ ಅಂಚಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದೆ, ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಕೇಳಿದೆ, ಟ್ರಸ್ ರಾಡ್ ಎರಡೂ ಕಡೆಗೆ ಇನ್ನೆಷ್ಟು ತಿರುಗುತ್ತದೆಂದು ಮಾಲೀಕರ ಎದುರೇ ತಿರುಗಿಸಿ ಖಾತ್ರಿ ಮಾಡಿಕೊಂಡೆ. ಮೊದಲ ಮೂರು ಫ್ರೆಟ್‌ಗಳಲ್ಲಿದ್ದ ಸವಕಲು ಗುಳಿಗಳನ್ನು ತೋರಿಸಿ ಐದು ಸಾವಿರ ಇಳಿಸಿಕೊಂಡದ್ದೂ ಇದೆ. ಮಳೆಗೆ ಹೆದರಿ ಇದನ್ನು ಮನೆಯಲ್ಲಿಟ್ಟು ಹಳೆಯದನ್ನು ಹಳ್ಳಿಗೆ ಒಯ್ಯುವ ವಿಚಾರ ಮೊದಲು ಬಂದಿತ್ತು; ಶ್ರುತಿ ನಿಲ್ಲಬೇಕಾದದ್ದು ಮನೆಯಲ್ಲಲ್ಲ, ಆದ್ದರಿಂದ ಇದೇ ವೇದಿಕೆಗೆ ಹೋಗುತ್ತದೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಐವತ್ತು ಸಾವಿರ ಇದೆ, ಎಲ್ಲವನ್ನೂ ಗಿಟಾರಿಗೇ ಹಾಕಲೇ?" ಎಂದು ಕೇಳಿದ. ಬೇಡವೆಂದೆ. ಯಮಹಾದ ಪೆಸಿಫಿಕಾ 112V ಯಂಥ ನಡುವಣ ದರ್ಜೆಯದನ್ನು ನೋಡಲು ಹೇಳಿದೆ. ಅದರ ಬ್ರಿಡ್ಜ್ ಬಳಿ ಇರುವುದು ಹಂಬಕರ್ ಎಂಬ ಜೋಡಿ ಸುರುಳಿಯ ಪಿಕಪ್, ಗುಂಯ್‌ಕಾರದ ಕಾಟ ಅಲ್ಲಿಗೆ ಕಡಿಮೆ. ಬೇಕೆಂದಾಗ ಒಂದು ಸುರುಳಿಯನ್ನು ಮಾತ್ರ ಬಳಸುವ ಸೌಲಭ್ಯವೂ ಇದೆ. ಉಳಿದ ಹಣದಲ್ಲಿ ಒಂದು ಸಾಧಾರಣ ಆಂಪ್ಲಿಫೈಯರ್, ಒಳ್ಳೆಯ ಕೇಬಲ್, ಮತ್ತು ಕೊಂಡ ವಾರದಲ್ಲೇ ದುರಸ್ತಿಗಾರರ ಕೈಯಲ್ಲಿ ಒಂದು ಸೆಟಪ್, ಅಂದರೆ ನೆಕ್ಕಿನ ಬಾಗು, ತಂತಿಯ ಎತ್ತರ ಇತ್ಯಾದಿಗಳ ಹೊಂದಾಣಿಕೆ. ಕೊನೆಯದನ್ನು ಅವನು ಮಾಡಿಸಲಿಲ್ಲ, ನಾನೇ ಫೀಲರ್ ಗೇಜ್ ಹಿಡಿದು ಕೂರಬೇಕಾಯಿತು.

16 ಸಾವಿರದ ಗಿಟಾರಿಗೆ ಒಬ್ಬರು ನಾಲ್ಕು ಸಾವಿರ ಕೊಡುತ್ತೇನೆಂದರು, ಕೊಡಲು ಮನಸ್ಸಾಗಲಿಲ್ಲ. ನೆಕ್ ಬಾಗಿ ತಂತಿಗಳು ಹೇಗೂ ಮೇಲೆದ್ದಿದ್ದವು. ನಟ್ಟನ್ನೂ ಬ್ರಿಡ್ಜನ್ನೂ ಇನ್ನಷ್ಟು ಎತ್ತರಿಸಿ, ಲೇತಿನಲ್ಲಿ ಕಡೆಸಿದ ಉಕ್ಕಿನ ಕೊಳವೆಯೊಂದನ್ನು ಕಿರುಬೆರಳಿಗೆ ತೊಟ್ಟು, ಫ್ರೆಟ್‌ಗಳನ್ನು ಮುಟ್ಟದೆ ಗೋಟುವಾದ್ಯದಂತೆ ಜಾರಿಸಿ ನುಡಿಸುವುದನ್ನು ಕಲಿಯುತ್ತಿದ್ದೇನೆ. ಈಗಲೂ ಸ್ವರ ಒಮ್ಮೊಮ್ಮೆ ಇಳಿಯುತ್ತದೆ, ಆದರೆ ಆ ತಪ್ಪು ಗಿಟಾರಿನದ್ದಲ್ಲ.