ಅಟ್ಟದ ಇಂಜೆಕ್ಟರ್ ಎಂಜಿನ್ನಿಗೆ ಹಾಕುವ ಮುನ್ನ

ಹೋದ ಮಳೆಗಾಲದಲ್ಲಿ ಪರಿಚಯದ ಗ್ಯಾರೇಜಿಗೆ ಒಂದು ಹಳೆಯ ಸ್ಯಾಂಟ್ರೋ ಬಂದಿತ್ತು. ಅದರ ಮಾಲೀಕರು ಗುಜರಿಗೆ ಹಾಕಿದ ಇನ್ನೊಂದು ಕಾರಿನಿಂದ ಬಿಚ್ಚಿ, ಆರೇಳು ವರ್ಷ ಅಟ್ಟದ ಮೇಲೆ ಇಟ್ಟುಕೊಂಡಿದ್ದ, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರ್‌ಗಳನ್ನು ಕವರಿನಲ್ಲಿ ಕಟ್ಟಿ ತಂದಿದ್ದರು. ಗ್ಯಾರೇಜಿನ ಹುಡುಗ ಒಂದೊಂದಕ್ಕೂ ಬ್ಯಾಟರಿ ತಾಗಿಸಿ ನೋಡಿದ. "ಅಣ್ಣಾ, ನಾಲ್ಕೂ ಟಿಕ್ ಟಿಕ್ ಅಂತಾವೆ, ಹಾಕ್ಬಿಡ್ಲಾ?" ಎಂದ. ಹಾಕಿದ್ದೂ ಆಯಿತು, ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿದ್ದೂ ಆಯಿತು. ಮೂರನೇ ದಿನ ಅದೇ ಗಾಡಿ ಕಪ್ಪು ಹೊಗೆ ಕಾರುತ್ತಾ, ಮಿಸ್ಸಿಂಗ್ ಹೊಡೆಯುತ್ತಾ ವಾಪಸು ಬಂತು. ಒಂದು ಸ್ಪಾರ್ಕ್ ಪ್ಲಗ್ ಒದ್ದೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಮೇಲಿನ ಗೆರೆಯನ್ನೂ ದಾಟಿತ್ತು, ಮೂಸಿದರೆ ಪೆಟ್ರೋಲ್ ವಾಸನೆ.

ಈ ತಪ್ಪನ್ನು ನಾನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ಇಂಜೆಕ್ಟರ್ ಟಿಕ್ ಅಂದರೆ ಅದು ತೆರೆಯುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎನ್ನುವುದು ಆ ಸದ್ದಿನಲ್ಲಿ ಕೇಳುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಇಂಜೆಕ್ಟರ್ ತೆರೆಯುವುದರಲ್ಲಷ್ಟೇ ಅಲ್ಲ, ಮುಚ್ಚುವುದರಲ್ಲೂ ಕೈಕೊಡಬಹುದು.

ಒಂದು ಗಡಿ ಮೊದಲೇ ಹಾಕಿಬಿಡುತ್ತೇನೆ. ಇಲ್ಲಿ ಹೇಳುವುದೆಲ್ಲ, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಗಳಿಗೆ ಮಾತ್ರ. ಅವುಗಳ ರೇಲಿನಲ್ಲಿರುವ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಸುಮಾರು 3 ಬಾರ್. ಡೀಸೆಲ್ ಕಾಮನ್‌ರೇಲ್ ಇಂಜೆಕ್ಟರುಗಳಲ್ಲಿ ಅದು ಸಾವಿರ ಬಾರ್ ದಾಟುತ್ತದೆ, ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅದನ್ನು ಮನೆಯಲ್ಲಿ ಮುಟ್ಟಬೇಡಿ. ಸಿಲಿಂಡರಿನ ಒಳಕ್ಕೇ ನೇರ ಸಿಂಪಡಿಸುವ ಹೊಸ ಪೆಟ್ರೋಲ್ ಎಂಜಿನ್‌ಗಳಿಗೂ ಇದೇ ಮಾತು.

ಒಳಗೆ ಏನಾಗಿರುತ್ತದೆ

ಬಿಚ್ಚಿದ ಇಂಜೆಕ್ಟರಿನ ಒಳಗೆ ನಾಲ್ಕಾರು ಹನಿ ಪೆಟ್ರೋಲ್ ಉಳಿದೇ ಇರುತ್ತದೆ. ಅದರ ಹಗುರ ಭಾಗ ಆವಿಯಾಗಿ, ಉಳಿದದ್ದು ಗಾಳಿಯ ಜೊತೆ ಸೇರಿ ಹಲಸಿನ ಮೇಣದಂಥ ಅಂಟಾಗುತ್ತದೆ. ಪೆಟ್ರೋಲಿನ ದಾರಿಯನ್ನು ತೆರೆದು ಮುಚ್ಚುವ ಒಳಗಿನ ನೀಡಲ್ ಮೇಲೇಳುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟು ಸಣ್ಣ ಜಾಗದಲ್ಲಿ ಅಂಟು ಕೂತರೆ ನೀಡಲ್ ಏಳುವುದೂ ಕಷ್ಟ, ಸರಿಯಾಗಿ ಕೂರುವುದೂ ಕಷ್ಟ.

ಇನ್ನೊಂದು ಶತ್ರು ನೀರು. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾಯಿತು. ಆ ಪೆಟ್ರೋಲಿನಲ್ಲಿ ಓಡಿದ ಗಾಡಿಯಿಂದ ಬಿಚ್ಚಿದ ಇಂಜೆಕ್ಟರನ್ನು ತೊಳೆಯದೆ ಎತ್ತಿಟ್ಟರೆ ತುಕ್ಕಿನ ಭಯ ಹೆಚ್ಚು. ಅದರಲ್ಲೂ ನಮ್ಮ ಶಿವಮೊಗ್ಗದ ಕಡೆ, ಕರಾವಳಿಯಲ್ಲಿ, ಮಳೆಗಾಲ ಬಂತೆಂದರೆ ಗೋಡೆಯೇ ಬೆವರುತ್ತದೆ. ಅಟ್ಟದ ಮೇಲಿನ ಕಬ್ಬಿಣ ಬೆವರದೆ ಇರುತ್ತದೆಯೇ?

ನಂಬರ್, ತೊಳೆತ, ಮೀಟರ್

ಮೈಮೇಲಿನ ಪಾರ್ಟ್ ನಂಬರ್ ಓದಿ. ವೈರಿನ ಕಪ್ಲರ್ ಕೂರುತ್ತದೆ, ಉದ್ದ ಸರಿಯಿದೆ ಎಂದ ಮಾತ್ರಕ್ಕೆ ಅದು ನಿಮ್ಮ ಎಂಜಿನ್ನಿನದಾಗುವುದಿಲ್ಲ. ನಾಲ್ಕರ ನಂಬರೂ ಒಂದೇ ಆಗಿರಬೇಕು; ಮೂರು ಸಿಲಿಂಡರಿನ ಮಾರುತಿ 800 ಆದರೆ ಮೂರರದ್ದು.

ಹೊರಮೈಯನ್ನು ಬ್ರಷ್ ಮತ್ತು ಕಾರ್ಬ್ ಕ್ಲೀನರಿನಿಂದ (ಕಾರ್ಬ್ಯುರೇಟರ್ ತೊಳೆಯುವ ದ್ರವ) ತೊಳೆದು ಒರೆಸಿ. ತುದಿಗೆ ಸೂಜಿ, ಪಿನ್ನು, ತಂತಿ, ಮರಳು ಕಾಗದ ಯಾವುದೂ ಬೇಡ. ಆ ರಂಧ್ರದ ಅಂಚಿಗೆ ಒಂದು ಗೀರು ಬಿದ್ದರೂ ಸಿಂಪಡಣೆ ಕೆಟ್ಟಿತು.

ಮಲ್ಟಿಮೀಟರಿನಲ್ಲಿ ಎರಡು ಪಿನ್‌ಗಳ ನಡುವೆ ಅಳೆಯಿರಿ. ನಮ್ಮ ಹೆಚ್ಚಿನ ಕಾರುಗಳಲ್ಲಿ 12ರಿಂದ 16 ಓಮ್ ಬರುತ್ತದೆ. 2-3 ಓಮ್ ಬಂದರೆ ಅದು ಬೇರೆಯೇ ಜಾತಿ, ಅದನ್ನು ನಿಮ್ಮ ಇಸಿಎಂಗೆ (ಎಂಜಿನ್ನಿನ ಕಂಪ್ಯೂಟರ್) ಜೋಡಿಸಿದರೆ ಇಸಿಎಂ ಸುಟ್ಟೀತು. ಓಪನ್ ಎಂದು, ಅಂದರೆ ಕರೆಂಟಿಗೆ ದಾರಿಯೇ ಇಲ್ಲವೆಂದು ತೋರಿಸಿದರೆ ನೀಡಲ್ ಎತ್ತುವ ತಂತಿಯ ಕಾಯಿಲ್ ಹೋಗಿದೆ. ಬಿಸಾಡಿ.

ಅಂಟಿದ ನೀಡಲ್ ಬಿಡಿಸುವುದು

ಜನ ಅವಸರ ಮಾಡುವುದು ಇಲ್ಲಿ. ಇಂಜೆಕ್ಟರ್ ಹಾಳಾಗುವುದೂ ಇಲ್ಲಿಯೇ.

ಮೊದಲು ಪೆಟ್ರೋಲ್ ಒಳಬರುವ ಬಾಯಲ್ಲಿರುವ ಪುಟ್ಟ ಜಾಲರಿ ಫಿಲ್ಟರನ್ನು ತೆಗೆಯಬೇಕು. ಅದರೊಳಗೆ ಹೊಂದುವ ಒಂದು ಸ್ಕ್ರೂವನ್ನು ಎರಡು ಮೂರು ಸುತ್ತು ತಿರುಗಿಸಿ, ಸ್ಕ್ರೂವಿನ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ, ಇಂಜೆಕ್ಟರನ್ನು ನೇರವಾಗಿ ಎಳೆದರೆ ಫಿಲ್ಟರ್ ಹೊರಬರುತ್ತದೆ. ಸ್ಕ್ರೂವನ್ನು ಆಳಕ್ಕೆ ಬಿಡಬೇಡಿ. ಹೊಸ ಫಿಲ್ಟರ್, ಓ-ರಿಂಗ್ (ಪೆಟ್ರೋಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡೂ ಇರುವ ಕಿಟ್ ಕೈಯಲ್ಲಿ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಫಿಲ್ಟರ್ ಇದ್ದ ಹಾಗೆಯೇ ತೊಳೆಯುವವರಿದ್ದಾರೆ. ಆಗ ಒಳಗಿನ ಕೊಳೆ ಹೊರಬರಲು ದಾರಿಯಿಲ್ಲದೆ ಜಾಲರಿಗೆ ಅಂಟಿ, ಎಂಜಿನ್ ಓಡುವಾಗ ಮತ್ತೆ ನೀಡಲ್ ಮೇಲೆಯೇ ಬೀಳುತ್ತದೆ.

ಆಮೇಲೆ ನೆನೆಹಾಕುವುದು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಒಂದು ಸೆಂಟಿಮೀಟರಿನಷ್ಟು ಕಾರ್ಬ್ ಕ್ಲೀನರ್ ಹಾಕಿ, ತುದಿ ಮಾತ್ರ ಮುಳುಗುವಂತೆ ನಿಲ್ಲಿಸಿ. ಮೇಲಿನ ಬಾಯಿಗೆ ಸಿರಿಂಜಿನಿಂದ ನಾಲ್ಕು ಹನಿ ಬಿಡಿ. ರಾತ್ರಿಯಿಡೀ ಗಾಳಿಯಾಡುವ ಜಾಗದಲ್ಲಿ ಹಾಗೇ ಇರಲಿ. ಇಡೀ ಇಂಜೆಕ್ಟರನ್ನು ಥಿನ್ನರಿನಲ್ಲಿ ಮುಳುಗಿಸಿಡುವ ಅಡ್ಡದಾರಿ ಬಹಳ ಕಡೆ ಇದೆ. ಥಿನ್ನರ್ ಕಪ್ಲರಿನ ಸಂದಿಯಿಂದ ಕಾಯಿಲಿಗೆ ಇಳಿದರೆ ಆ ಇಂಜೆಕ್ಟರಿನ ಕತೆ ಮುಗಿಯಿತು.

ಮರುದಿನ 9 ವೋಲ್ಟಿನ ಚೌಕ ಬ್ಯಾಟರಿ ತೆಗೆದುಕೊಳ್ಳಿ. ವೈರ್ ಎರಡು ಮೀಟರ್ ಉದ್ದವಿರಲಿ. ಇಂಜೆಕ್ಟರ್ ಕಡೆಯ ತುದಿಯನ್ನು ಮೊದಲೇ ಭದ್ರವಾಗಿ ಸಿಕ್ಕಿಸಿ, ತಾಗಿಸಿ ಬಿಡಿಸುವುದನ್ನೆಲ್ಲ ಬ್ಯಾಟರಿಯ ಬಳಿಯೇ ಮಾಡಿ. ಕಿಡಿ ಹಾರುವುದು ಅಲ್ಲಿ. ಕ್ಲೀನರಿನ ಆವಿ ಇರುವುದು ಇಲ್ಲಿ. ಅಂಗಳದಲ್ಲಿ ಮಾಡಿ, ಕನ್ನಡಕ ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಒಂದು ತಾಗಿಸುವಿಕೆ ಅರ್ಧ ಸೆಕೆಂಡಿಗಿಂತ ಕಡಿಮೆ ಇರಲಿ. ಇಪ್ಪತ್ತು ಸಲ ತಾಗಿಸಿ, ಒಂದು ನಿಮಿಷ ಬಿಡಿ, ಮತ್ತೆ ಇಪ್ಪತ್ತು. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ಒಂದು ಸಲಕ್ಕೆ ತೆರೆದಿರುವುದು ಎರಡು ಮೂರು ಮಿಲಿಸೆಕೆಂಡ್ ಮಾತ್ರ. ಅದಕ್ಕೆಂದು ಮಾಡಿದ ಕಾಯಿಲಿಗೆ ಕಾರಿನ 12 ವೋಲ್ಟ್ ಬ್ಯಾಟರಿ ಹಚ್ಚಿ ಹಿಡಿದುಕೊಂಡರೆ ಅದು ಒಳಗೇ ಬೇಯುತ್ತದೆ. ಸದ್ದು ಕೇಳದಿದ್ದರೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿ. ಆದರೂ ಇಲ್ಲವೆಂದರೆ ಮರದ ಹಿಡಿಯಿಂದ ಮೈಮೇಲೆ ಮೆಲ್ಲಗೆ ತಟ್ಟುತ್ತಾ ತಾಗಿಸಿ. ಮತ್ತೊಂದು ರಾತ್ರಿ ನೆನೆಹಾಕಿ. ನನ್ನ ಕೈಯಲ್ಲಿ ಮೂರನೇ ದಿನ ಬಾಯಿಬಿಟ್ಟವೂ ಇವೆ.

ಬಾಯಿಬಿಟ್ಟ ಮೇಲೆ ಹಿಂದುಮುಂದಾಗಿ ತೊಳೆಯಬೇಕು. ಸಿರಿಂಜಿಗೆ ಬಿಗಿಯಾದ ರಬ್ಬರ್ ಟ್ಯೂಬ್ ಹಾಕಿ ನಾಝಲ್ ಕಡೆಯಿಂದ ಕ್ಲೀನರ್ ಒತ್ತಿ. ಒತ್ತುವಾಗಲೇ ಇನ್ನೊಬ್ಬರು ಬ್ಯಾಟರಿ ತಾಗಿಸುತ್ತಿರಲಿ. ಮುಚ್ಚಿದ ಇಂಜೆಕ್ಟರನ್ನು ಎಷ್ಟು ಒತ್ತಿದರೂ ತೊಳೆಯಬೇಕಾದ ಜಾಗಕ್ಕೆ ದ್ರವ ತಲುಪುವುದಿಲ್ಲ. ಅಲ್ಟ್ರಾಸೋನಿಕ್ ತೊಟ್ಟಿ ಇದ್ದವರಿಗೂ ಇದೇ ನಿಯಮ. ತುದಿ ಮಾತ್ರ ಮುಳುಗಲಿ, ತೊಟ್ಟಿ ಓಡುವಷ್ಟು ಹೊತ್ತೂ ಇಂಜೆಕ್ಟರ್ ಟಿಕ್ ಎನ್ನುತ್ತಿರಲಿ. ಕೊನೆಗೆ ತೊಟ್ಟಿಯಿಂದ ಒಳಗೆ ಸೇರಿದ ನೀರನ್ನೆಲ್ಲ ಗಾಳಿ ಹೊಡೆದು ತೆಗೆದು, ಕ್ಲೀನರಿನಿಂದ ಮತ್ತೊಮ್ಮೆ ತೊಳೆಯಿರಿ.

ಹೊರಬರುವುದನ್ನು ಬಿಳಿ ಬಟ್ಟೆಯ ಮೇಲೆ ಹಿಡಿಯಿರಿ. ಜೇನಿನ ಬಣ್ಣದ ಅಂಟು ಬಂದರೆ ಸಂತೋಷ, ಅದು ಕರಗುತ್ತದೆ. ಕೆಂಪು ಪುಡಿ ಬಂದರೆ ತುಕ್ಕು. ತುಕ್ಕು ಹೋದರೂ ಅದು ತಿಂದ ಕುಳಿ ನೀಡಲ್ ಕೂರುವ ಜಾಗದಲ್ಲಿ ಉಳಿಯುತ್ತದೆ, ಆ ಕುಳಿಯಿಂದ ಪೆಟ್ರೋಲ್ ಸದಾ ಜಿನುಗುತ್ತದೆ. ಕೆಂಪು ಕಂಡ ಇಂಜೆಕ್ಟರನ್ನು ನಾನು ಮುಂದಿನ ಪರೀಕ್ಷೆಗೂ ಒಯ್ಯುವುದಿಲ್ಲ.

ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟಲಿಗಳನ್ನು ನಂಬಿ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಓಡುತ್ತಿರುವ ಗಾಡಿಗೆ ಅದರಿಂದ ಒಂದಿಷ್ಟು ಉಪಯೋಗವಿರಬಹುದು. ಅಂಟಿ ಕೂತ ನೀಡಲಿನ ಆಚೆಗೆ ಪೆಟ್ರೋಲೇ ಹರಿಯದಿದ್ದಾಗ ಅದರಲ್ಲಿ ಬೆರೆತ ಔಷಧಿ ಏನು ಮಾಡೀತು?

ಸೋರುತ್ತದೆಯೇ

ಆ ಸ್ಯಾಂಟ್ರೋದಲ್ಲಿ ಬಿಟ್ಟುಹೋದ ಹೆಜ್ಜೆ ಇದು. ಹೊಸ ಫಿಲ್ಟರ್, ಹೊಸ ಓ-ರಿಂಗ್ ಹಾಕಿ ಇಂಜೆಕ್ಟರುಗಳನ್ನು ಕಾರಿನ ರೇಲಿಗೇ ಕೂರಿಸಿ, ಆದರೆ ರೇಲನ್ನು ಮ್ಯಾನಿಫೋಲ್ಡಿನಿಂದ ಹೊರಗೇ ಇರಿಸಿ. ಕ್ಲಿಪ್ ಇದ್ದರೂ ಪ್ರತಿಯೊಂದನ್ನೂ ಬೈಂಡಿಂಗ್ ವೈರಿನಿಂದ ರೇಲಿಗೆ ಬಿಗಿಯಿರಿ; 3 ಬಾರ್ ಒತ್ತಡಕ್ಕೆ ಸಡಿಲ ಇಂಜೆಕ್ಟರ್ ಬಾಟಲಿಯ ಬಿರಡೆಯಂತೆ ಹಾರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಇಂಜೆಕ್ಟರಿನ ಕಪ್ಲರುಗಳನ್ನು ಸಿಕ್ಕಿಸಬೇಡಿ. ತುದಿಗಳ ಕೆಳಗೆ ಬಿಳಿ ಟಿಶ್ಯೂ ಹಾಸಿ.

ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎಂದು ನಿಲ್ಲುತ್ತದೆ. ಆಫ್ ಮಾಡಿ ಮತ್ತೆ ಎರಡು ಸಲ ಆನ್ ಮಾಡಿದರೆ ಒತ್ತಡ ತುಂಬುತ್ತದೆ. ಈಗ ಕಾಯಿರಿ. ನಿಮಿಷಕ್ಕೆ ಒಂದು ಹನಿಯ ತನಕ ನಡೆಯುತ್ತದೆ ಎನ್ನುವ ಸರ್ವಿಸ್ ಕೈಪಿಡಿಗಳಿವೆ. ನನ್ನ ಲೆಕ್ಕ ಇನ್ನೂ ಬಿಗಿ: ಹತ್ತು ನಿಮಿಷ ಬಿಟ್ಟು ನೋಡಿದಾಗ ಟಿಶ್ಯೂ ಮೇಲೆ ಒಂದು ಚುಕ್ಕೆಯೂ ಇರಬಾರದು. ಚುಕ್ಕೆ ಬಿತ್ತೆಂದರೆ ಅದನ್ನು ಇನ್ನೊಂದೇ ಒಂದು ಸಲ ತೊಳೆದು ನೋಡಿ. ಆಗಲೂ ಬಿದ್ದರೆ ಹೊಸದು ತನ್ನಿ. ಹನಿಹನಿಯಾಗಿ ಇಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ತೆಳ್ಳಗಾದ ಆಯಿಲಿನಲ್ಲಿ ಓಡಿದ ಬೇರಿಂಗಿನ ರಿಪೇರಿ ಖರ್ಚಿನ ಮುಂದೆ ಒಂದು ಇಂಜೆಕ್ಟರಿನ ಬೆಲೆ ಏನೂ ಅಲ್ಲ.

ಅಳತೆ ಮಷಿನ್ನಿನಲ್ಲೇ ಆಗಲಿ

ನಾಲ್ಕೂ ಸಮನಾಗಿ ಸುರಿಯುತ್ತವೆಯೇ ಎಂದು ಮನೆಯಲ್ಲಿ ಬಾಟಲಿ ಹಿಡಿದು ಪೆಟ್ರೋಲ್ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಪೆಟ್ರೋಲಿನ ಆ ಮಂಜಿಗೆ ಒಂದು ಕಿಡಿ ಸಾಕು. ಇಂಜೆಕ್ಟರ್ ಟೆಸ್ಟಿಂಗ್ ಮಷಿನ್ ಈಗ ಅನೇಕ ಊರುಗಳಲ್ಲಿ ಇದೆ. ನಿಮ್ಮ ಕಣ್ಣೆದುರೇ ಓಡಿಸಿ ತೋರಿಸುವವರ ಬಳಿ ಹೋಗಿ. ಮಷಿನ್ನಿನ ಗಾಜಿನ ಕೊಳವೆಗಳಲ್ಲಿ ಬಿದ್ದ ಅಳತೆಗಳ ವ್ಯತ್ಯಾಸ 5 ಪ್ರತಿಶತದೊಳಗೆ ಇರಬೇಕು. ಹೆಚ್ಚು ಆರ್‌ಪಿಎಂನಲ್ಲಿ ಮಾತ್ರ ನೋಡಿ ಏಳಬೇಡಿ, ಐಡ್ಲಿಂಗ್ ವೇಗದಲ್ಲೂ ಓಡಿಸಲು ಹೇಳಿ. ಸಣ್ಣ ತೆರೆಯುವಿಕೆಯಲ್ಲೇ ವ್ಯತ್ಯಾಸ ಎದ್ದು ಕಾಣುವುದು. ಸಿಂಪಡಣೆ ಮಂಜಿನಂತಿರಬೇಕು, ಸೂಜಿಯಂಥ ಒಂಟಿ ಧಾರೆ ಆಗಬಾರದು. ಕೆಲವು ಎಂಜಿನ್ನುಗಳಲ್ಲಿ ಅದು ಎರಡು ಕವಲಾಗಿ ಬರುವುದೇ ಸರಿ, ಹಾಗಾಗಿ ನಾಲ್ಕನ್ನೂ ಒಂದಕ್ಕೊಂದು ಹೋಲಿಸಿ.

ಓ-ರಿಂಗ್ ಮತ್ತು ಜೋಡಣೆ

ಹಳೆಯ ಓ-ರಿಂಗ್ ಚೆನ್ನಾಗಿ ಕಂಡರೂ ಬೇಡ. ವೈಟಾನ್ ಎಂಬ ರಬ್ಬರಿನದನ್ನೇ ಕೇಳಿ ತೆಗೆದುಕೊಳ್ಳಿ, ಎಥನಾಲ್ ಬೆರೆತ ಪೆಟ್ರೋಲನ್ನು ಅದು ಹೆಚ್ಚು ತಡೆಯುತ್ತದೆ. ಕಂದು ಅಥವಾ ಹಸಿರು ಬಣ್ಣ ನೋಡಿ ವೈಟಾನ್ ಎಂದು ನಂಬಬೇಡಿ, ಡೂಪ್ಲಿಕೇಟಿನವರಿಗೂ ಬಣ್ಣ ಹಾಕಲು ಬರುತ್ತದೆ. ಒಂದು ರಿಂಗ್ ಹೆಚ್ಚಿಗೆ ತಂದು ಎರಡು ದಿನ ಪೆಟ್ರೋಲಿನಲ್ಲಿ ನೆನೆಸಿ ಹೊಸದರ ಪಕ್ಕ ಇಡಿ. ಉಬ್ಬಿ ಮೆತ್ತಗಾಗಿದ್ದರೆ ಇಡೀ ಪ್ಯಾಕೆಟ್ ವಾಪಸು ಕೊಡಿ.

ಕೂರಿಸುವಾಗ ರಿಂಗಿಗೆ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿ. ಸಿಲಿಕಾನ್ ಗ್ರೀಸ್ ಬೇಡ, ಅದು ಆಕ್ಸಿಜನ್ ಸೆನ್ಸರಿಗೆ ಕೇಡು. ಓರೆ ಮಾಡದೆ ನೇರವಾಗಿ ಒತ್ತಿ. ಕೂತ ಮೇಲೆ ಇಂಜೆಕ್ಟರ್ ಬೆರಳಿನಲ್ಲೇ ತಿರುಗಬೇಕು. ತಿರುಗದಿದ್ದರೆ ಓ-ರಿಂಗ್ ಒಳಗೆ ಮಡಚಿಕೊಂಡಿದೆ, ತೆಗೆದು ಹೊಸದು ಹಾಕಿ. ಬೋಲ್ಟ್ ಬಿಗಿದು, ಕಪ್ಲರ್ ಸಿಕ್ಕಿಸಿ, ಮತ್ತೆ ಕೀ ಆನ್ ಮಾಡಿ ಐದು ನಿಮಿಷ ರೇಲಿನ ಉದ್ದಕ್ಕೂ ಒಣ ಕಾಗದ ಆಡಿಸಿ. ಒಣಗಿದ್ದರೆ ಸ್ಟಾರ್ಟ್ ಮಾಡಿ.

ಮೊದಲ ದಿನವೇ ಆಯಿಲ್ ಮಟ್ಟವನ್ನು ಬರೆದಿಟ್ಟುಕೊಳ್ಳಿ. ಮೂರನೇ ಬೆಳಿಗ್ಗೆ, ಎಂಜಿನ್ ಮುಟ್ಟುವ ಮೊದಲು, ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ, ಮೂಸಿ. ಮಟ್ಟ ಏರಿದ್ದು, ಪೆಟ್ರೋಲ್ ವಾಸನೆಯೂ ಬಂದರೆ ಗಾಡಿ ಅಲ್ಲಿಯೇ ನಿಲ್ಲಲಿ. ಆಯಿಲ್ ಬದಲಿಸಿ, ರೇಲನ್ನು ಮತ್ತೆ ಹೊರಗೆಳೆದು ಟಿಶ್ಯೂ ಹಾಸಿ.